ಗರಡಿಯ ಹುಡುಗ ಮತ್ತು ಪುಡಿಯ ಡಬ್ಬಿ

ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದನ್ನು ಬಲಪಡಿಸುವುದು ಮೆಚ್ಚತಕ್ಕದ್ದೇ. ಅವಸರದ ಬಲಕ್ಕಾಗಿ ಪಣಕ್ಕಿಡುವ ಹಕ್ಕು ಮಾತ್ರ ನಮಗಿಲ್ಲ. ನಮ್ಮಲ್ಲಿ ಓದುವ ಹದಿನಾರರ ಕುಸ್ತಿಪಟುವಿನ ತಾಯಿ ಇತ್ತೀಚೆಗೆ ಬಂದು, ಮಗ ಬಯಸಿದ ಪ್ರೋಟೀನ್ ಪುಡಿಗಾಗಿ ಕಿವಿಯೋಲೆ ಅಡವಿಡಲೇ ಎಂದು ಕೇಳಿದರು. ಬೇಡವೆಂದೆವು.

ಲೆಕ್ಕ ಸರಳವಾದುದು. ಕಸರತ್ತು ಮಾಡುವವನಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.5 ಗ್ರಾಂ ಪ್ರೋಟೀನ್ ಸಾಕು. 50 ಕಿಲೋ ತೂಗುವ ಹುಡುಗನಿಗೆ 75 ಗ್ರಾಂ. ಮೂರು ಮೊಟ್ಟೆ, ಎರಡು ಲೋಟ ಹಾಲು, 100 ಗ್ರಾಂ ಬೇಯಿಸಿದ ಕೋಳಿಮಾಂಸ ಸೇರಿದರೆ ಸುಮಾರು 60 ಗ್ರಾಂ ಆಗುತ್ತದೆ. ಉಳಿದುದನ್ನು ಬೇಳೆ, ರೊಟ್ಟಿಗಳು ತುಂಬುತ್ತವೆ. ಕೋಳಿಯಿಲ್ಲದ ದಿನ ಬೇಳೆ, ಕಡಲೆಗಳನ್ನು ಹೆಚ್ಚಿಸಬೇಕು.

ಡಬ್ಬಿಯ ಮೇಲೆ ನಮೂದಿಸದ ನಿಷೇಧಿತ ದ್ರವ್ಯ ಒಳಗಿದ್ದರೂ ಡೋಪಿಂಗ್ ನಿಯಮದಂತೆ ಹೊಣೆ ಕ್ರೀಡಾಪಟುವಿನದೇ. ಅದು ಸ್ಟೆರಾಯ್ಡ್ ಆಗಿದ್ದರೆ ಎಳೆಯ ಮೂಳೆಗಳ ಬೆಳವಣಿಗೆಯೇ ಅಕಾಲದಲ್ಲಿ ನಿಂತುಬಿಡಬಹುದು.

ಗರಡಿಯ ಗುರು ವಸ್ತಾದ್. ಮಕ್ಕಳ ಬಾಯಲ್ಲಿ ನಾವೂ ಉಸ್ತಾದ್. ಇಬ್ಬರೂ ಕಲಿಸಬೇಕಾದ ಮೊದಲ ಪಾಠ ಸಬ್ರ್. ದಂಡ, ಬಸ್ಕಿಗಳು ಕ್ರಮಬದ್ಧವಾದ ಮೇಲೆ ಭಾರ ಎತ್ತುವುದು. ಅದೂ ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವಿಟ್ಟು. ರಾತ್ರಿ ಕನಿಷ್ಠ 8 ಗಂಟೆ ನಿದ್ದೆ. ತೂಕ ಇಳಿಸಲೆಂದು ನೀರು ಬಿಡುವುದಂತೂ ಸಲ್ಲದು.

ಹೆತ್ತವರೇ, ಅಂಗಡಿಗೆ ಹೋಗುವ ಮುನ್ನ ಮಗನ ತಟ್ಟೆಯನ್ನೂ ನಿದ್ದೆಯನ್ನೂ ಒಮ್ಮೆ ವಿಚಾರಿಸಿಕೊಳ್ಳಿರಿ.