ಕಾರು ಶೆಡ್ಡಿನ ಲೆಕ್ಕ

ಜ್ಞಾನಭಾರತಿಯ ನಮ್ಮ ಮನೆಯ ಕಾರು ಶೆಡ್ಡು ಸೋರುವುದು ಹೊಸ ಸುದ್ದಿಯೇನಲ್ಲ. ಮಳೆಗಾಲ ಬಂತೆಂದರೆ ಬಲಗಡೆಯ ಮೂಲೆಗೆ ಒಂದು ಬಕೆಟ್ ಇಡುವುದು 29 ವರ್ಷಗಳ ಪದ್ಧತಿ. ಪ್ರತಿ ಬೇಸಿಗೆಯಲ್ಲಿ ಆ ಮೂಲೆಯ ಮೇಲೆ ಸಿಮೆಂಟು ಹಾಲು ಬಳಿಯುತ್ತಿದ್ದೆ; ಜೂನ್‌ನಲ್ಲಿ ಬಕೆಟ್ ತುಂಬುತ್ತಿತ್ತು. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: "ಮೇಸ್ತ್ರಿ ಸರಿಯಾಗಿ ಕೆಲಸ ಮಾಡಲಿಲ್ಲ."

ಹಾಗೆಂದು ಅವರ ಕೂಲಿಯಲ್ಲಿ 1,500 ರೂಪಾಯಿ ಹಿಡಿದುಕೊಂಡಿದ್ದೆ. 1996ರ ಮಾತು. "ಒಂದು ಮಳೆ ನೋಡಿ ಕೊಡುತ್ತೇನೆ" ಎಂದಿದ್ದೆ. ಮಳೆ ಬಂತು, ಸೋರಿತು. ಅವರು ಎರಡು ಸಲ ಬಂದು, "ನನ್ನ ಮೋಲ್ಡು ಚೆನ್ನಾಗಿದೆ ಸ್ವಾಮಿ" ಎಂದರು. ನಾನು ಕೊಡಲಿಲ್ಲ. ಮೂರನೇ ಸಲ ಅವರು ಬರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಕೇಳಿದಳು: "ತಾತ, ನೀರು ಬೀಳುವ ಜಾಗದ ಮೇಲೇ ತೂತು ಇರುತ್ತೆ ಅಂತ ಯಾರು ಹೇಳಿದ್ದು?"

ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನಿಗೆ ಇದು ಹೊಳೆಯಬೇಕಿತ್ತು. ಹತ್ತು ಪೈಸೆಯ ವ್ಯತ್ಯಾಸ ಕಾಣುವುದು ಸಂಜೆಯ ಬ್ಯಾಲೆನ್ಸಿನಲ್ಲಿ, ತಪ್ಪು ಇರುವುದು ಬೆಳಗಿನ ಯಾವುದೋ ಪುಟದಲ್ಲಿ.

ಮಗ ಏಣಿ ಹಿಡಿದುಕೊಂಡ. (ಅವನಿಲ್ಲದಾಗ ಹತ್ತಕೂಡದೆಂದು ಸೊಸೆಯ ಆಜ್ಞೆ.) ತಾರಸಿಯ ನೀರು ಹೋಗುವ ಕೊಳವೆಯನ್ನು ಹೊಂಗೆಯ ಎಲೆ, ಹೂವು ಪೂರ್ತಿ ಮುಚ್ಚಿದ್ದವು. ಗುಡಿಸಿದ ಮೇಲೆ, ಗಣಪತಿ ಮಾಡುವ ಜೇಡಿಮಣ್ಣಿನಿಂದ ಸಣ್ಣ ಏರಿ ಕಟ್ಟಿ ತಾರಸಿಯನ್ನು ಗದ್ದೆಯಂತೆ ನಾಲ್ಕು ಮಡಿ ಮಾಡಿದೆವು. ಒಂದು ಮಡಿಗೆ ನೀರು ತುಂಬಿಸುವುದು, ಕೆಳಗೆ ಮೊಮ್ಮಗಳು ಟಾರ್ಚು ಹಿಡಿದು ಕಾಯುವುದು. ಮೊದಲ ದಿನ ಬಲ ಮೂಲೆಯ ಮಡಿ. ಒಂದು ಹನಿಯೂ ಇಲ್ಲ! ಎರಡನೆಯದೂ ಒಣಗಿತ್ತು. ಮೂರನೆಯದಕ್ಕೆ ನೀರು ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು, ಕೆಳಗಿನಿಂದ ಕೂಗು ಬಂತು, "ಬಿತ್ತು ತಾತ!" ಹನಿ ಬಿದ್ದದ್ದು ಮಾತ್ರ ಹಳೆಯ ಬಕೆಟ್ಟಿನ ಜಾಗದಲ್ಲೇ.

ಆ ಮಡಿ ಒಣಗಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿದೆ. ಸಿಮೆಂಟಿನ ನಾಲ್ಕು ತೇಪೆಗಳು ಚೌಕವಾಗಿ ಎದ್ದು ಕಂಡವು. ಉಳಿ ಹಾಕಿದರೆ ಒಳಗೆ ತುಕ್ಕು ಹಿಡಿದ ಬೋಲ್ಟು.

ನಾನು ಅಲ್ಲೇ ಕುಳಿತುಬಿಟ್ಟೆ. ಮೋಲ್ಡು ಹಾಕಿದ ಎರಡೇ ತಿಂಗಳಿಗೆ ವಿಶ್ವಕಪ್ ಕ್ರಿಕೆಟ್ ಬಂದಿತ್ತು. ಮಾರ್ಚ್ 9ಕ್ಕೆ ನಮ್ಮ ಬೆಂಗಳೂರಿನಲ್ಲೇ ಭಾರತ, ಪಾಕಿಸ್ತಾನದ ಕ್ವಾರ್ಟರ್ ಫೈನಲ್. ಮನೆಯ ತಾರಸಿಗೆ ಆಗಿನ್ನೂ ಮೆಟ್ಟಿಲಿರಲಿಲ್ಲ, ಶೆಡ್ಡಿಗಾದರೆ ಏಣಿ ಸಾಕಿತ್ತು. ಟಿವಿ ಆಂಟೆನಾ ನಿಲ್ಲಿಸಲು ಆ ತೂತುಗಳನ್ನು ಕೊರೆದವನು ನಾನೇ. ಆಮೇಲೆ ಕೇಬಲ್ ಬಂದಾಗ ಕಂಬ ಕತ್ತರಿಸಿ, ಸಿಮೆಂಟು ಮೆತ್ತಿ ಮರೆತವನೂ ನಾನೇ. ನೀರು ಅಲ್ಲಿ ಇಳಿದು, ಒಳಗೊಳಗೇ ಸಾಗಿ, ನಾಲ್ಕು ಅಡಿ ಆಚೆ ತೊಟ್ಟಿಕ್ಕುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲ ಕಾಂಕ್ರೀಟನ್ನೂ ಸೀಳಿತ್ತು.

ರಿಪೇರಿ ದೊಡ್ಡದಲ್ಲ. ಬೋಲ್ಟು ಕಿತ್ತು, ಬಿರುಕನ್ನು ಉಳಿಯಿಂದ ಅಗಲಿಸಿ, ದೂಳು ತೊಳೆದು, ಲೇಟೆಕ್ಸ್ ಬೆರೆಸಿದ ಗಾರೆ ತುಂಬಿದೆವು. ಅದು ಗಟ್ಟಿಯಾದ ಮೇಲೆ ನೀರು ತಡೆಯುವ ಅಕ್ರಿಲಿಕ್ ಬಣ್ಣ, ಅದು ಹಸಿಯಿರುವಾಗಲೇ ಮೇಲೊಂದು ನೂಲಿನ ಜಾಲರಿ, ಮರುದಿನ ಅಡ್ಡಡ್ಡಲಾಗಿ ಇನ್ನೊಂದು ಕೋಟು. ಕೊಳವೆಯ ಬಾಯಿಗೆ ತಂತಿ ಬಲೆ. ವಾರ ಬಿಟ್ಟು 24 ಗಂಟೆ ನೀರು ನಿಲ್ಲಿಸಿದೆವು. ಕೆಳಗೆ ಒಣಗಿತ್ತು.

"ಹಾಗಾದ್ರೆ ಆ ಮೇಸ್ತ್ರಿ ತಾತನ ದುಡ್ಡು?" ಎಂದಳು ಮೊಮ್ಮಗಳು.

ವರ್ಷಕ್ಕೆ ಶೇ. 4ರ ಚಕ್ರಬಡ್ಡಿ, 29 ವರ್ಷ. ಅವಳೇ ಲೆಕ್ಕ ಹಾಕಿದಳು. ಅಸಲೂ ಸೇರಿ 4,678 ರೂಪಾಯಿ. ನೀವೂ ಹಾಕಿ ನೋಡಿ ಮಕ್ಕಳೇ. ಮಲ್ಲತ್ತಹಳ್ಳಿಯಲ್ಲಿ ಅವರಿದ್ದ ವಠಾರದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಬೆಳಿಗ್ಗೆ ಗಾರೆ ಕೆಲಸದವರು ಸೇರುವ ಕಡೆ ಮೂರು ದಿನ ವಿಚಾರಿಸಿದೆ. ಹಿರಿಯರೊಬ್ಬರು, "ಎಡಗೈಲಿ ಕರಣೆ ಹಿಡೀತಿದ್ರಲ್ಲ, ಅವರಾ? ಊರಿಗೆ ಹೋದ್ರು, ಮಾಗಡಿ ಕಡೆ" ಎಂದು ಹಳ್ಳಿಯ ಹೆಸರು ಹೇಳಿದರು.

ಬರುವ ಭಾನುವಾರ ಹೊರಟಿದ್ದೇವೆ. ಹಣದ ಕವರು ಮೊಮ್ಮಗಳ ಶಾಲೆಯ ಚೀಲದಲ್ಲಿದೆ. ನನ್ನ ಕೈಗೆ ಕೊಡಲು ಅವಳಿಗೆ ನಂಬಿಕೆಯಿಲ್ಲ.