ಮನೆತನದ ತಲೆನೋವು

ಹಿಂದೂಪುರದ ನಮ್ಮ ಮನೆಯಲ್ಲಿ ಅರೆತಲೆನೋವು ಪಿತ್ರಾರ್ಜಿತ ಆಸ್ತಿಯಂತೆ ಇಳಿದು ಬಂದದ್ದು. ಅಜ್ಜಿಗೆ ಕಣ್ಣೆದುರು ಮಿಂಚು ಕಂಡು ತಲೆ ಸಿಡಿಯುತ್ತಿತ್ತು. ಐವತ್ತಕ್ಕೆ ಲಕ್ವ ಹೊಡೆಯಿತು. ದೊಡ್ಡಪ್ಪನಿಗೂ ಹಾಗೆಯೇ, ನಮ್ಮಪ್ಪ ಪಾರಾದರು. ಕಲ್ಯಾಣದುರ್ಗದ ನೆಂಟರು ನಾಗದೋಷವೆಂದರು, ಶಾಂತಿಯೂ ಆಯಿತು.

ದೊಡ್ಡಪ್ಪನ ಮಗನಿಗೆ ನಲವತ್ತೆರಡರಲ್ಲಿ ಮಾತು ತೊದಲಿದಾಗ ಬೆಂಗಳೂರಿಗೆ ಕರೆದೊಯ್ದೆವು. ಬಿಪಿ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ವೈದ್ಯರು ಕನ್ನಡದಲ್ಲೇ ವಂಶಾವಳಿ ಕೇಳಿ ಬರೆದುಕೊಂಡರು. ಎಂ.ಆರ್.ಐ., ಜೀನ್ ಪರೀಕ್ಷೆಗಳಾದ ಮೇಲೆ ಹೇಳಿದ ಹೆಸರು ‘ಕಾಡಾಸಿಲ್’.

19ನೆಯ ವರ್ಣತಂತುವಿನಲ್ಲಿರುವ ನಾಚ್-3 ಎಂಬ ಜೀನಿನ ದೋಷವಿದು. ಪ್ಯಾರಿಸ್ಸಿನ ಸಂಶೋಧಕರು 1996ರಲ್ಲಿ ಗುರುತಿಸಿದರು. ಮೆದುಳಿನ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ ರಕ್ತದ ಹರಿವು ಕುಗ್ಗುತ್ತದೆ. ತಾಯಿಗಿರಲಿ ತಂದೆಗಿರಲಿ, ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡಾ 50. ಗಂಡು ಹೆಣ್ಣೆಂಬ ಭೇದವಿಲ್ಲ. ಇದು ತಿಳಿದ ಮೇಲೆ ನಮ್ಮಲ್ಲಿ ಸೊಸೆಯರ ಕಾಲ್ಗುಣ ಆಡಿಕೊಳ್ಳುವುದು ನಿಂತಿತು.

ಗುಣಪಡಿಸುವ ಮದ್ದು ಇನ್ನೂ ಇಲ್ಲ. ಬೀಡಿ ಸಿಗರೇಟು ಬಿಡಬೇಕು, ರಕ್ತದೊತ್ತಡ ಹತೋಟಿಯಲ್ಲಿರಬೇಕು. ಅಣ್ಣ ಈಗ ನಿಧಾನವಾಗಿ ಮಾತಾಡುತ್ತಾನೆ, ಅಂಗಡಿಗೂ ಹೋಗುತ್ತಾನೆ.

ಈಗಿನ ಪ್ರಶ್ನೆ ಅವನ ಮಗಳದು. ಮದುವೆಯ ಮಾತು ನಡೆದಿದೆ, ಲಕ್ಷಣವೇನೂ ಇಲ್ಲ. ಪರೀಕ್ಷೆ ಮಾಡಿಸಿದರೆ ಭಯ, ಬಿಟ್ಟರೆ ಅನುಮಾನ. ಹಿರಿಯರು ಮುಚ್ಚಿಡೋಣ ಎನ್ನುತ್ತಾರೆ. ಅವಳೋ, “ಜಾತಕದ ಜೊತೆಗೆ ಇದನ್ನೂ ಹೇಳಿಬಿಡಿ ಚಿಕ್ಕಪ್ಪಾ. ಪರೀಕ್ಷೆ ಯಾವಾಗ ಅನ್ನೋದು ಮಾತ್ರ ನನಗೆ ಬಿಡಿ” ಎಂದಳು. ಅವಳ ಮಾತೇ ನಡೆಯಬೇಕೆಂದು ನಾನು ಹಿರಿಯರಿಗೆ ಹೇಳಿದ್ದೇನೆ.