ಪಕ್ಕಪಕ್ಕದ ಎರಡು ಕಿಟಕಿಗಳು

ಮನೆಗೆ ಎಷ್ಟು ಕಿಟಕಿಗಳನ್ನಿಟ್ಟರೂ ಒಂದು ಇನ್ನೊಂದನ್ನು ಮರೆಮಾಡುವುದಿಲ್ಲ. ಗಣಕಯಂತ್ರದ ಕಿಟಕಿಗಳಿಗೆ ಈ ಮರ್ಯಾದೆ ಇಲ್ಲ. ಒಂದನ್ನು ತೆರೆದರೆ ಮೊದಲಿನದು ಅದರ ಬೆನ್ನಿಗೆ ಸರಿಯುತ್ತದೆ. ಮೂರನೆಯದು ಬಂದರೆ ಆ ಎರಡೂ ಕಾಣದಾಗುತ್ತವೆ. ಎಪ್ಪತ್ತು ದಾಟಿದ ಮೇಲೆ ಇವುಗಳ ಸಹವಾಸಕ್ಕೆ ಬಿದ್ದ ನಾನು, ಇವನ್ನು ಅಂಕೆಯಲ್ಲಿಡುವ ವಿದ್ಯೆಯನ್ನು ಕಲಿತುದು ಹೇಗೆಂಬುದನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ನನ್ನ ಅಕ್ಕನ ಮದುವೆಯಾದದ್ದು 1964ರಲ್ಲಿ. ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಅವಳು ಸಾಗರಕ್ಕೆ ಹೋದಳು. ಆ ಕಾಲಕ್ಕೆ ಅದು ದೂರದ ಊರೇ ಸರಿ. ಅಮ್ಮ ಅವಳಿಗೆ ನೀಲಿಯ ಇನ್‌ಲ್ಯಾಂಡ್ ಕಾಗದಗಳಲ್ಲಿ ಬರೆಯುತ್ತಿದ್ದಳು. ಅಂಚಿನಲ್ಲಿಯೂ ಬೆರಳಗಲ ಜಾಗ ಬಿಡದೆ ಬರೆಯುತ್ತಿದ್ದಳು. ಅಂತಹ ನಲವತ್ತೊಂದು ಕಾಗದಗಳನ್ನು ಅಕ್ಕ ಜೋಪಾನವಾಗಿಟ್ಟಿದ್ದಾಳೆ. ಈಗ ಅವಳಿಗೆ ಕಣ್ಣು ಮಂಜು. ಕಳೆದ ವರ್ಷ ಕಾಗದಗಳ ಕಟ್ಟನ್ನು ನನ್ನ ಕೈಗಿತ್ತು, “ಬೇರೆಯವರು ಓದಿ ಹೇಳಿದರೆ ಅಮ್ಮನ ಮಾತು ಅನ್ನಿಸುವುದಿಲ್ಲ ಕಣೋ. ದೊಡ್ಡ ಅಕ್ಷರದಲ್ಲಿ ಬರೆದುಕೊಡು, ನಾನೇ ಓದಿಕೊಳ್ಳುತ್ತೇನೆ” ಎಂದಳು.

ಕೈಯಲ್ಲಿ ಬರೆಯುವ ಶಕ್ತಿ ನನಗೆ ಉಳಿದಿರಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚಿದ ಮೇಲೂ ನಡುಕ ಹೋಗಿರಲಿಲ್ಲ. ಆದುದರಿಂದ ಮಗನು ಕಾಗದಗಳ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಹಾಕಿಕೊಟ್ಟನು. ಒಂದು ಕಿಟಕಿಯಲ್ಲಿ ಅಮ್ಮನ ಕಾಗದ, ಇನ್ನೊಂದರಲ್ಲಿ ನನ್ನ ಬರೆವಣಿಗೆ. ಒಂದು ವಾಕ್ಯವನ್ನು ನೋಡಿಕೊಳ್ಳುವುದು, ಆ ಕಿಟಕಿಯನ್ನು ಕೆಳಗಿಳಿಸುವುದು, ನೆನಪಿನಿಂದ ಬರೆಯುವುದು, ಮತ್ತೆ ಅದನ್ನು ಮೇಲಕ್ಕೆ ತರುವುದು, ಹೀಗೆ ಕೆಲಸ ಸಾಗಿತು. ಮೌಸ್ ಎಂಬ ಆ ಇಲಿಯಂತೂ ನನ್ನ ನಡುಗುವ ಕೈಗೆ ಸಿಕ್ಕುವ ಪ್ರಾಣಿಯಲ್ಲ. ಮೂಲೆಯ ಅಡ್ಡಗೀಟನ್ನು ಒತ್ತಲು ಹೋಗಿ ಪಕ್ಕದ ಕತ್ತರಿ ಗುರುತನ್ನು ಒತ್ತಿದೆ. ಅದು ಕೇಳಿದ ಪ್ರಶ್ನೆಗೆ ಗಾಬರಿಯಲ್ಲಿ ತಪ್ಪು ಉತ್ತರ ಕೊಟ್ಟೆ. ಒಂದು ಮಧ್ಯಾಹ್ನದ ಬರೆವಣಿಗೆ ಮಾಯವಾಯಿತು. “ಸಾಕು ಬಿಡಿ, ಅಕ್ಕನಿಗೆ ಹೇಳಿದರೆ ತಿಳಿದುಕೊಳ್ಳುತ್ತಾರೆ” ಎಂದಳು ನನ್ನಾಕೆ. ನಾನೂ ಬಿಟ್ಟುಬಿಡುವವನೇ ಇದ್ದೆ.

ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಅಂದು ಸಂಜೆ ನನ್ನ ಬಳಿ ಕುಳಿತಳು. “ತಾತ, ಇಲಿಯನ್ನು ಮುಟ್ಟಲೇ ಬೇಡ. ಎಲ್ಲ ಕೀಲಿಮಣೆಯಲ್ಲೇ ಆಗುತ್ತೆ” ಎಂದು, ಕೆಳಸಾಲಿನಲ್ಲಿ ಕಿಟಕಿಯ ಗುರುತಿರುವ ಕೀಲಿಯನ್ನು ತೋರಿಸಿದಳು. ಅದನ್ನು ಒತ್ತಿ ಹಿಡಿದು ಎಡಬಾಣದ ಕೀಲಿಯನ್ನು ಒತ್ತಿದರೆ, ಎದುರಿಗಿರುವ ಕಿಟಕಿ ಪರದೆಯ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಉಳಿದ ಕಿಟಕಿಗಳು ಬಲಗಡೆಯಲ್ಲಿ ಪುಟ್ಟ ಚಿತ್ರಗಳಾಗಿ ನಿಲ್ಲುತ್ತವೆ. ಬೇಕಾದುದನ್ನು ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರೆ ಅದು ಬಲ ಅರ್ಧವನ್ನು ತುಂಬುತ್ತದೆ. ಎಡಕ್ಕೆ ಅಮ್ಮ, ಬಲಕ್ಕೆ ನಾನು!

ಉಳಿದವನ್ನೂ ಒಂದೊಂದಾಗಿ ಹೇಳಿಕೊಟ್ಟಳು. ಆಲ್ಟ್ ಕೀಲಿಯನ್ನು ಹಿಡಿದು ಟ್ಯಾಬನ್ನು ಒತ್ತಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಬಹುದು. ಕಿಟಕಿಯ ಕೀಲಿಯೊಡನೆ ‘ಡಿ’ ಒತ್ತಿದರೆ ಎಲ್ಲವೂ ಮರೆಯಾಗಿ ಬರಿಯ ಮೇಜು ಕಾಣುತ್ತದೆ. ಮತ್ತೊಮ್ಮೆ ಒತ್ತಿದರೆ ಎಲ್ಲವೂ ಇದ್ದಲ್ಲಿಗೆ ಬರುತ್ತವೆ. ಕಂಟ್ರೋಲ್ ಕೀಲಿಯೊಡನೆ ‘ಎಸ್’ ಒತ್ತಿದರೆ ಬರೆದದ್ದು ಭದ್ರ. ಈ ಕೊನೆಯದನ್ನು ನಾನು ಜಪದಂತೆ ಪ್ರತಿ ಸಾಲಿಗೂ ಮಾಡುತ್ತೇನೆ. ಒಂದು ದಿನ ಕೈತಪ್ಪಿ ಮೇಲ್ಬಾಣವನ್ನು ಒತ್ತಿದಾಗ ಅಮ್ಮನ ಕಾಗದ ಕಾಲುಭಾಗವಾಗಿ ಮೇಲಿನ ಮೂಲೆಗೆ ಸೇರಿತು. ಈ ಸಲ ಗಾಬರಿಯಾಗಲಿಲ್ಲ. ಕೆಳಬಾಣವನ್ನು ಒತ್ತಿದೆ, ಅರ್ಧಕ್ಕೆ ಇಳಿದು ಬಂತು.

ಈ ವಿದ್ಯೆಯ ಚರಿತ್ರೆಯೂ ಸ್ವಾರಸ್ಯವಾದುದು. ಮೌಸನ್ನು ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ತೋರಿಸಿದರು. 1985ರಲ್ಲಿ ಹೊರಬಂದ ಮೊದಲ ವಿಂಡೋಸ್‌ನಲ್ಲಿ ಕಿಟಕಿಗಳು ಪಕ್ಕಪಕ್ಕದಲ್ಲಿಯೇ ಇರಬೇಕಾಗಿತ್ತು. ಒಂದರ ಮೇಲೊಂದು ಏರುವ ಸ್ವಾತಂತ್ರ್ಯ ಅವಕ್ಕೆ ಬಂದುದು 1987ರ ಎರಡನೆಯದರಲ್ಲಿ. ಅರ್ಧರ್ಧಕ್ಕೆ ಒತ್ತರಿಸಿ ಕೂರಿಸುವ ಈಗಿನ ಅನುಕೂಲ 2009ರ ವಿಂಡೋಸ್ 7ರೊಂದಿಗೆ ಬಂತು. ಒಟ್ಟು ಕುಟುಂಬದಿಂದ ಬೇರೆಯಾದವರು ಕೊನೆಗೆ ಅಕ್ಕಪಕ್ಕದ ಮನೆಗಳಲ್ಲಿ ನೆಲಸಿದಂತೆಯೇ ಇದೂ ಎಂದು ನನಗೆ ನಗು ಬಂತು.

ಇದರಿಂದ ಕೆಲಸ ಬೇಗ ಮುಗಿಯಿತೆಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಡೆದದ್ದು ಅಷ್ಟೇ ಅಲ್ಲ. ಹಳೆಯ ರೀತಿಯಲ್ಲಿ ಬರೆದು ಮುಗಿಸಿದ್ದ ಎಂಟು ಕಾಗದಗಳನ್ನು, ಎರಡು ಕಿಟಕಿಗಳನ್ನು ಎದುರುಬದುರಾಗಿಟ್ಟು ಒಮ್ಮೆ ತಾಳೆ ನೋಡಿದೆ. ಆರನೆಯ ಕಾಗದದ ಕೊನೆಗೆ ನಾನು “ಗೌರಿ ಹಬ್ಬಕ್ಕೆ ಬಾ” ಎಂದು ಬರೆದಿದ್ದೆ. ಎಡಗಡೆ ನೋಡಿದರೆ ಅಮ್ಮನ ಅಕ್ಷರದಲ್ಲಿ ಇದ್ದದ್ದು, “ಗೌರಿ ಹಬ್ಬಕ್ಕಾದರೂ ಬಾ”.

ನಾನು ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ಕಿಟಕಿಯಿಂದ ಕಿಟಕಿಗೆ ಹೋಗುವ ಆ ಒಂದು ಕ್ಷಣದಲ್ಲಿ, ನೆನಪು ಅರ್ಥವನ್ನು ಹೊತ್ತು ತಂದು, ಅಮ್ಮನನ್ನು ಹಿಂದೆಯೇ ಬಿಟ್ಟಿತ್ತು. ಯುಗಾದಿಗೆ ಬರಲಿಲ್ಲ, ಪಂಚಮಿಗೆ ಬರಲಿಲ್ಲ ಎಂಬ ಅವಳ ಕಾಯುವಿಕೆಯೆಲ್ಲ ಅದೊಂದು ‘ಆದರೂ’ವಿನಲ್ಲಿತ್ತು. ಅಂತಹ ತಪ್ಪುಗಳು ಎಂಟು ಕಾಗದಗಳಲ್ಲಿ ಹತ್ತೊಂಬತ್ತು ಸಿಕ್ಕಿದವು. ಎಲ್ಲವನ್ನೂ ತಿದ್ದಿದೆ. ಮುಂದಿನ ಮೂವತ್ತಮೂರನ್ನು ಎಡಗಡೆ ನೋಡದೆ ಒಂದು ಅಕ್ಷರವನ್ನೂ ಬರೆಯಲಿಲ್ಲ.

ಪುಸ್ತಕವನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಿ ನಾನೇ ಸಾಗರಕ್ಕೆ ಕೊಂಡೊಯ್ದೆ. ಅಕ್ಕ ಜಗಲಿಯ ಬೆಳಕಿನಲ್ಲಿ ಕುಳಿತು, ಬೆರಳಿಟ್ಟು, ಸಾಲುಸಾಲಾಗಿ ಓದಿದಳು. ಆರನೆಯ ಕಾಗದದ ಕೊನೆಯಲ್ಲಿ ಬೆರಳು ನಿಂತಿತು.

“ಆ ವರ್ಷ ಹೋಗಲೇ ಇಲ್ಲ ಕಣೋ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಪುಟವನ್ನು ತಿರುವಿದಳು.